ಪ್ರದರ್ಶನಗಳನ್ನು ನೋಡುವ ಬಗೆ

ಎರಡು ವರ್ಷಗಳ ಹಿಂದಿನ ಮಾತು. ನಮ್ಮ ಊರಿನ ಒಂದು ಕಲ್ಯಾಣಮಂಟಪದಲ್ಲಿ ಕೈಮಗ್ಗದ ಬಟ್ಟೆಗಳ ಮತ್ತು ಕರಕುಶಲ ವಸ್ತುಗಳ ಪ್ರದರ್ಶನವೊಂದು ಏರ್ಪಟ್ಟಿದ್ದಿತು. ಸಂಜೆ ತಿರುಗಾಡಲು ಹೊರಟಿದ್ದ ನಾನು ಜನರ ಓಡಾಟವನ್ನು ಕಂಡು ಒಳಹೊಕ್ಕೆನು. ಅಲ್ಲಿ ಒಂದು ಮಳಿಗೆಯಲ್ಲಿ ಕಪ್ಪು ಸೀರೆಯೊಂದರ ಮೇಲೆ ಗೋಪುರ, ತುಳಸಿಯ ಕಟ್ಟೆ, ಆನೆ, ನವಿಲುಗಳ ಸಾಲು ಕಂಡಿತು. ಧಾರವಾಡದ ಕಸೂತಿ, ಸಂಪೂರ್ಣ ಕೈಕೆಲಸ ಎಂದು ಒಂದು ರಟ್ಟಿನ ಮೇಲೆ ಬರೆದು ತೂಗುಹಾಕಿದ್ದರು. ನನ್ನ ಮನೆಯಾಕೆಯ ತವರು ಧಾರವಾಡದ ಕಡೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನಾಗಿಯೇ ಒಂದು ಸೀರೆಯನ್ನು ಆರಿಸಿ ತಂದುಕೊಟ್ಟ ನೆನಪು ನನಗಿಲ್ಲ. ಅಂಗಡಿಯವನೊಡನೆ ಚೌಕಾಸಿಮಾಡಿ, ಮುನ್ನೂರು ರೂಪಾಯಿಗಳನ್ನು ಇಳಿಸಿದೆನೆಂಬ ಹೆಮ್ಮೆಯಿಂದ ಅದನ್ನು ಕಂಕುಳಲ್ಲಿರಿಸಿಕೊಂಡು ಮನೆಗೆ ಬಂದೆನು.

ಆಕೆಯು ಸೀರೆಯನ್ನು ದೀಪದ ಕೆಳಗೆ ಹಿಡಿದಳು. ಆನೆಯನ್ನಾಗಲಿ ಗೋಪುರವನ್ನಾಗಲಿ ನೋಡಲೇ ಇಲ್ಲ. ಬಟ್ಟೆಯನ್ನು ಮಗುಚಿ ಹಿಂಬದಿಯನ್ನು ನೋಡಿದಳು. "ಇದು ಕಸೂತಿ ಅಲ್ಲರೀ, ಯಂತ್ರದ್ದು ಅದ. ಹಿಂದ ನೋಡ್ರಿ, ದಾರ ಹ್ಯಾಂಗ ಗಂಟು ಗಂಟು ಆಗ್ಯಾವ" ಎಂದಳು. ನನ್ನ ಮುಖವು ಬಾಡಿದುದನ್ನು ಕಂಡು, "ಇರ್ಲಿ ಬಿಡ್ರಿ, ಬಣ್ಣ ಛಲೋ ಅದ" ಎಂದು ಮಡಿಸಿಟ್ಟಳು. ಆ ಸಮಾಧಾನವು ನನಗೆ ಬೈಗುಳಿಗಿಂತ ಹೆಚ್ಚಾಗಿ ನಾಟಿತು.

ಮರುದಿನ ಆಕೆ ಪೆಟ್ಟಿಗೆಯ ತಳದಿಂದ ತನ್ನ ತಾಯಿಯ ಕಾಲದ ಇಳಕಲ್ಲಿನ ಚಂದ್ರಕಾಳಿ ಸೀರೆಯನ್ನು ತೆಗೆದು ನನ್ನ ಮುಂದೆ ಹರಡಿದಳು. ಮೂರು ದಶಕಗಳಿಗೂ ಮಿಗಿಲಾಗಿ ಬಾಲಕರಿಗೆ ಶಬ್ದರೂಪಗಳನ್ನು ಕಂಠಪಾಠಮಾಡಿಸಿದ ನಾನು ಆ ದಿನ ಶಿಷ್ಯನಾಗಿ ಕುಳಿತೆನು. ಕಸೂತಿಗೆ ಬಟ್ಟೆಯ ಮೇಲೆ ಮೊದಲೇ ಗೆರೆಯೆಳೆದುಕೊಳ್ಳುವ ಪದ್ಧತಿಯಿಲ್ಲ, ಅಚ್ಚೊತ್ತುವ ಪದ್ಧತಿಯೂ ಇಲ್ಲ. ನೆಯ್ಗೆಯ ಎಳೆಗಳನ್ನೇ ಎಣಿಸಿ ಸೂಜಿಯನ್ನು ಚುಚ್ಚಬೇಕು. ಒಂದು ಎಳೆ ತಪ್ಪಿದರೆ ಗೋಪುರವು ವಾಲುವುದು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿಯೆಂಬ ಹೊಲಿಗೆಯಲ್ಲಿ ಸೂಜಿಯು ಒಮ್ಮೆ ಎಡೆಬಿಟ್ಟು ಎಡೆಬಿಟ್ಟು ಮುಂದಕ್ಕೆ ಹೋಗಿ, ಹಿಂದಿರುಗುವಾಗ ಆ ಎಡೆಗಳನ್ನು ತುಂಬುತ್ತ, ಹೊರಟ ಸ್ಥಳಕ್ಕೇ ಬಂದು ಸೇರುವುದು. ಮುರ್ಗಿಯು ಅದೇ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಇವೆರಡರಲ್ಲಿಯೂ ಬಟ್ಟೆಯ ಮುಂಬದಿಗೂ ಹಿಂಬದಿಗೂ ಭೇದವಿಲ್ಲ. ನೇಗಿಯೆಂಬುದು ನೆಯ್ಗೆಯನ್ನೇ ಹೋಲುವುದು. ಅದರಲ್ಲಿ ಮುಂದೆ ದಾರವಿದ್ದೆಡೆ ಹಿಂದೆ ಬಯಲು, ಹಿಂದೆ ದಾರವಿದ್ದೆಡೆ ಮುಂದೆ ಬಯಲು. ಮೆಂತೆಯೆಂಬುದು ಒತ್ತಾದ ಅಡ್ಡಹೊಲಿಗೆ. ಈ ನಾಲ್ಕು ಹೆಸರುಗಳನ್ನು ನಾನು ಅರುವತ್ತರ ಹತ್ತಿರ ಬಂದ ಮೇಲೆ ಕಲಿತೆನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅದೇ ಸೀರೆಯಲ್ಲಿ ಕೆಂಪು ರೇಷ್ಮೆಯ ಸೆರಗನ್ನು ಒಡಲಿಗೆ ಸೇರಿಸಿದ ಎಡೆಯನ್ನೂ ತೋರಿಸಿದಳು. ಒಡಲಿನ ಹಾಸಿನ ಎಳೆಗಳಿಗೂ ಸೆರಗಿನ ಹಾಸಿನ ಎಳೆಗಳಿಗೂ ಒಂದಕ್ಕೊಂದು ಕೊಂಡಿಹಾಕಿ ಮುಂದೆ ನೇಯುವರಂತೆ. ಸೀರೆಯ ಆ ಗಡಿಯನ್ನು ಬೆರಳಿನಿಂದ ಸವರಿದರೆ ಒಂದು ಸಣ್ಣ ಏರು ತಾಗುವುದು. ಇಷ್ಟು ದಿನ ನನ್ನ ಕಣ್ಣೆದುರಿಗೇ ಇದ್ದ ವಸ್ತುವನ್ನು ನಾನು ನೋಡಿರಲಿಲ್ಲ.

ಈ ಸ್ವಂತ ಕಥೆಯನ್ನು ಮೊದಲಿಗೆ ಹೇಳಿದುದಕ್ಕೆ ಕಾರಣವುಂಟು. ಭಾದ್ರಪದವು ಮುಗಿಯುತ್ತಿದೆ. ಇನ್ನು ಮುಂದೆ ನಾಲ್ಕೈದು ತಿಂಗಳ ಕಾಲ ನಮ್ಮ ನಾಡಿನಲ್ಲಿ ಪ್ರದರ್ಶನಗಳ, ಸಂತೆಗಳ, ಪರಿಷೆಗಳ ಸುಗ್ಗಿ. ವಾಚಕರಲ್ಲಿ ಬಹುಮಂದಿ ಮಕ್ಕಳು ಮೊಮ್ಮಕ್ಕಳೊಡನೆ ಇವುಗಳಿಗೆ ಹೋಗತಕ್ಕವರೇ. ಹೋಗಲೇಬೇಕೆಂದು ನನ್ನ ಸಲಹೆ. ಆದರೆ ಹೇಗೆ ನೋಡಬೇಕೆಂಬುದರ ವಿಷಯದಲ್ಲಿ, ಮೋಸಹೋದವನೊಬ್ಬನ ಮಾತೆಂದು ಭಾವಿಸಿ, ಕೆಲವು ಸಂಗತಿಗಳನ್ನು ಕೇಳಬೇಕು.

ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಸೂತ್ರವೆಂಬ ಭಾಗವೊಂದಿದೆ. ದೇವತಾಮೂರ್ತಿಗಳ ನಿರ್ಮಾಣವನ್ನು ತನಗೆ ಕಲಿಸಬೇಕೆಂದು ವಜ್ರನೆಂಬ ರಾಜನು ಮಾರ್ಕಂಡೇಯರನ್ನು ಬೇಡುತ್ತಾನೆ. ಚಿತ್ರವನ್ನರಿಯದೆ ಮೂರ್ತಿಯು ತಿಳಿಯದು, ನೃತ್ಯವನ್ನರಿಯದೆ ಚಿತ್ರವು ತಿಳಿಯದು, ವಾದ್ಯವನ್ನರಿಯದೆ ನೃತ್ಯವೂ ಗೀತವನ್ನರಿಯದೆ ವಾದ್ಯವೂ ತಿಳಿಯದು ಎಂದು ಋಷಿಯು ಅವನನ್ನು ಹಿಂದುಹಿಂದಕ್ಕೆ ಕರೆದೊಯ್ಯುತ್ತಾನೆ. ಪಾಪ, ರಾಜನು ಒಂದನ್ನು ಕೇಳಹೋಗಿ ಐದನ್ನು ಕಲಿಯಬೇಕಾಯಿತು. ಅದೇ ಗ್ರಂಥದಲ್ಲಿ ನೋಡುವವರ ವಿಷಯವೂ ಬರುತ್ತದೆ. ಬಲ್ಲ ಆಚಾರ್ಯರ ಕಣ್ಣು ರೇಖೆಗೆ ಹೋಗುವುದೆಂದೂ, ಹೆಂಗಸರದು ಆಭರಣಗಳಿಗೆಂದೂ, ಉಳಿದ ಜನರದು ಬಣ್ಣದ ಬೆಡಗಿಗೆಂದೂ ಅಲ್ಲಿಯ ಅಭಿಪ್ರಾಯ. ಪುರಾಣಕಾರರ ವಿಷಯದಲ್ಲಿ ನನಗೆ ಸಂಪೂರ್ಣ ಗೌರವವಿದೆ. ಆದರೆ ನಮ್ಮ ಮನೆಯ ಮಟ್ಟಿಗೆ ಈ ವಿಭಾಗವು ಹೊಂದುವುದಿಲ್ಲ. ಬಣ್ಣಕ್ಕೆ ಮರುಳಾದವನು ನಾನು. ರೇಖೆಯನ್ನು, ಅದೂ ಹಿಂಬದಿಯ ರೇಖೆಯನ್ನು, ಕಂಡವಳು ಆಕೆ.

ಮೊದಲನೆಯ ಪ್ರದರ್ಶನವು ನಮ್ಮ ಮನೆಯೊಳಗೇ ನಡೆಯತಕ್ಕದ್ದು. ನವರಾತ್ರಿಯ ಬೊಂಬೆಗಳ ಮಾತನ್ನಾಡುತ್ತಿದ್ದೇನೆ. ಹಳೆಯ ಮೈಸೂರು ಸೀಮೆಯಲ್ಲಿ ಮದುವೆಯ ಹೆಣ್ಣಿಗೆ ತವರಿನಿಂದ ಕೊಡುವ ಪಟ್ಟದ ಬೊಂಬೆಗಳ ಜೋಡಿಯನ್ನು ಮೇಲಿನ ಮೆಟ್ಟಿಲಿನಲ್ಲಿರಿಸಿ, ಅದರ ಕೆಳಗೆ ವರ್ಷ ವರ್ಷವೂ ಸೇರಿದ ಬೊಂಬೆಗಳನ್ನು ಜೋಡಿಸುವುದು ರೂಢಿ. ಈ ಮೆಟ್ಟಿಲುಗಳ ಮೇಲೆ ಒಂದು ಸೀಮೆಯ ಕೈಗಾರಿಕೆಯ ಚರಿತ್ರೆಯೇ ಇರುವುದುಂಟು. ನಮ್ಮ ಮನೆಯಲ್ಲಿ ಕೆಳಗಿನ ಸಾಲಿನಲ್ಲಿ ಚನ್ನಪಟ್ಟಣದ ಆಟಿಕೆಗಳಿವೆ. ಅವುಗಳ ಮರ ಆಲೆಯ ಮರ, ಮೃದುವಾದುದು, ಬಿಳುಪಾದುದು. ಅದನ್ನು ಒಣಗಿಸಿ ಕಡೆಯುವ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ ಉಳಿಯಿಂದ ರೂಪಕ್ಕೆ ತರುವರು. ಆಮೇಲೆ ಬಣ್ಣ ಬೆರಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿಹಿಡಿಯುವರು. ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಕೇದಗೆಯ ಒಣಗರಿಯನ್ನು ಹಿಡಿದು ಉಜ್ಜಿದರೆ ಹೊಳಪು ಬರುವುದು. ಇದರಲ್ಲಿ ಕುಂಚದ ಕೆಲಸವೇ ಇಲ್ಲವಾದುದರಿಂದ ಬಣ್ಣವು ಮರದ ಮೇಲೆ ಕುಳಿತಂತಿರದೆ ಮರದ ಚರ್ಮದಂತೆಯೇ ಇರುವುದು. ಎಳೆಯ ಮಕ್ಕಳು ಬಾಯಿಗಿಟ್ಟುಕೊಳ್ಳುವ ವಸ್ತುವಿಗೆ ಅರಿಸಿನವೇ ಮೊದಲಾದ ಸಸ್ಯದ ಬಣ್ಣಗಳನ್ನು ಬೆರಸುವವರು ಈಗಲೂ ಅಲ್ಲಿದ್ದಾರೆ. ಪಾಂಡವರನ್ನು ಸುಡಲೆಂದು ದುರ್ಯೋಧನನು ಮನೆಕಟ್ಟಿಸಿದ ಅರಗೇ ಇದು ಎಂದು ನಾನು ಮೊಮ್ಮಗಳಿಗೆ ಹೇಳಿದಾಗ ಅವಳು ತನ್ನ ಬುಗುರಿಯನ್ನು ಅನುಮಾನದಿಂದ ನೋಡಿದಳು.

ಮೇಲಿನ ಸಾಲಿನಲ್ಲಿ ಕೊಪ್ಪಳ ಜಿಲ್ಲೆಯ ಕಿನ್ನಾಳದ ಒಂದು ಬೊಂಬೆಯಿದೆ. ಅಲ್ಲಿಯ ಚಿತ್ರಗಾರರ ಮನೆತನಗಳು ಹಗುರವಾದ ಮರದಲ್ಲಿ ರೂಪವನ್ನು ಕೆತ್ತಿ, ಮೇಲೆ ಲೇಪವನ್ನು ಕಟ್ಟಿ, ಬಣ್ಣ ಹಚ್ಚುವರು. ಚನ್ನಪಟ್ಟಣದ ಆಟಿಕೆಯ ರೂಪವು ತಿರುಗುವ ಯಂತ್ರದಿಂದ ಹುಟ್ಟಿದುದು, ಆದುದರಿಂದ ಎಲ್ಲವೂ ಉರುಟು. ಕಿನ್ನಾಳದ್ದು ಕೆತ್ತನೆಯಿಂದ ಹುಟ್ಟಿದುದು, ಆದುದರಿಂದ ಅದಕ್ಕೆ ಮೂಗು, ಗಲ್ಲ, ಕೈಬೆರಳು. ಈ ಎರಡನ್ನು ಅಕ್ಕಪಕ್ಕದಲ್ಲಿರಿಸಿ ಏಕೆ ಹೀಗೆ ಎಂದು ಮಕ್ಕಳನ್ನು ಕೇಳಿರಿ. ವಿನ್ಯಾಸವೆಂದು ಈಗಿನವರು ದೊಡ್ಡ ದೊಡ್ಡ ಕಾಲೇಜುಗಳಲ್ಲಿ ಕಲಿಸುವ ಶಾಸ್ತ್ರದ ಮೊದಲ ಪಾಠವು ಅಲ್ಲಿಯೇ ಆಗಿಹೋಗುವುದು. ಬೊಂಬೆ ನೋಡಲು ನೆರೆಮನೆಗಳಿಗೆ ಹೋಗುವ ಪದ್ಧತಿಯು ಪಟ್ಟಣಗಳಲ್ಲಿ ಸಡಿಲವಾಗುತ್ತಿದೆ. ಈ ವರ್ಷ ನಾಲ್ಕು ಮನೆಗಳಿಗಾದರೂ ಹೋಗಬೇಕು. ಚರ್ಪಿಗೂ ನಷ್ಟವಿಲ್ಲ.

ಮನೆಯ ಬೊಂಬೆಗಳನ್ನು ಎತ್ತಿಟ್ಟ ಮೇಲೆ ಮೈಸೂರಿನ ದಸರೆಯ ವಸ್ತುಪ್ರದರ್ಶನವು ಇನ್ನೂ ನಡೆಯುತ್ತಿರುತ್ತದೆ. ಹತ್ತನೆಯ ಚಾಮರಾಜೇಂದ್ರ ಒಡೆಯರವರ ಕಾಲದಲ್ಲಿ, 1880ರಲ್ಲಿ, ಹೊಸ ಹೊಸ ಬೆಳವಣಿಗೆಗಳು ಸಂಸ್ಥಾನದ ಪ್ರಜೆಗಳಿಗೆ ತಿಳಿಯಲೆಂಬ ಉದ್ದೇಶದಿಂದ ಇದು ಮೊದಲಾಯಿತು. ಈಗ ಕರ್ನಾಟಕ ವಸ್ತುಪ್ರದರ್ಶನ ಪ್ರಾಧಿಕಾರದ ಆಡಳಿತದಲ್ಲಿ ದೊಡ್ಡಕೆರೆ ಮೈದಾನದಲ್ಲಿ ನಡೆಯುತ್ತದೆ. ಅಲ್ಲಿ ನೂಕುನುಗ್ಗಲು, ತೂಗುತೊಟ್ಟಿಲು, ಹಪ್ಪಳ, ಧ್ವನಿವರ್ಧಕಗಳ ಕೂಗು ಎಲ್ಲವೂ ಇರುವುದು. ವಿಜಯದಶಮಿಯ ಆಸುಪಾಸಿನಲ್ಲಿ ಹೋದವರು ಪರರ ಬೆನ್ನುಗಳನ್ನಲ್ಲದೆ ಬೇರೆ ಏನನ್ನೂ ನೋಡಲಾರರು. ಜಂಬೂಸವಾರಿಯ ಜನಸಂದಣಿಯು ಕರಗಿದ ಮೇಲೆ, ವಾರದ ನಡುವಿನ ಒಂದು ದಿನ, ಮಳಿಗೆಗಳು ತೆರೆದ ಕೂಡಲೆ ಹೋಗುವುದು ಲೇಸು. ಕೆಲಸಗಾರರೇ ಕುಳಿತ ಮಳಿಗೆಗಳನ್ನು ಮೊದಲು ಹುಡುಕಬೇಕು. ಅವು ಸಾಮಾನ್ಯವಾಗಿ ದೊಡ್ಡ ದೀಪಗಳ ಕೆಳಗೆ ಇರುವುದಿಲ್ಲ. ಬೀಟೆಯ ಮರದ ಹಲಗೆಯಲ್ಲಿ ಬೇರೆ ಬಣ್ಣದ ಮರದ ತುಂಡುಗಳನ್ನು ಕೂಡಿಸಿ ಚಿತ್ರ ಮಾಡುವ ಕೆಲಸವು ಮೈಸೂರಿಗೇ ವಿಶೇಷವಾದುದು. ಹಿಂದೆ ಆ ಕೆಲಸಕ್ಕೆ ಆನೆಯ ದಂತವನ್ನು ಬಳಸುತ್ತಿದ್ದರು. ಅದು ಕಾಯಿದೆಯಿಂದ ನಿಷಿದ್ಧವಾದ ಮೇಲೆ ಬಿಳಿ ಬಣ್ಣಕ್ಕೆ ಬೇರೆ ಪದಾರ್ಥಗಳು ಬಂದಿವೆ. ಆನೆಗಳ ದೃಷ್ಟಿಯಿಂದ ಇದು ಒಳ್ಳೆಯದೇ ಆಯಿತು.

ಕಾರ್ತಿಕದ ಕಡೆಯ ಸೋಮವಾರಕ್ಕೆ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಇದರಲ್ಲಿ ಕಲೆಯನ್ನು ಹುಡುಕುವ ಶ್ರಮವನ್ನು ವಾಚಕರಿಗೆ ಕೊಡುವುದಿಲ್ಲ. ದೊಡ್ಡ ಬಸವನಿಗೆ ಕೈಮುಗಿದು, ಬಿಸಿ ಕಡಲೆಕಾಯಿಯನ್ನು ಕೊಂಡು ತಿನ್ನುತ್ತ ರಸ್ತೆಯುದ್ದಕ್ಕೂ ನಡೆದರೆ ಸಾಕು.

ಹೊಸ ವರ್ಷದ ಮೊದಲಿನಲ್ಲಿ ಅದೇ ನಗರದಲ್ಲಿ ಚಿತ್ರಸಂತೆ ನಡೆಯುತ್ತದೆ. 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು ಇದನ್ನು ಎರಡು ದಶಕಗಳಿಂದ ನಡೆಸಿಕೊಂಡು ಬರುತ್ತಿದೆ. ಸಾಮಾನ್ಯವಾಗಿ ಜನವರಿಯ ಮೊದಲನೆಯ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳನ್ನು ತಡೆದು, ರಸ್ತೆಯ ಎರಡೂ ಬದಿಗಳಲ್ಲಿ ದೇಶದ ನಾನಾ ಪ್ರಾಂತಗಳ ಚಿತ್ರಕಾರರನ್ನು ಕೂರಿಸುತ್ತಾರೆ. ಗಾಜಿನ ಬಾಗಿಲುಗಳ ಹಿಂದೆ ಮೆಲುದನಿಯಲ್ಲಿ ಮಾತನಾಡಬೇಕಾದ ಚಿತ್ರಶಾಲೆಗಳಿಗೆ ಹೋಗಲು ಅಂಜುವ ನನ್ನಂಥವರಿಗೆ ಈ ಏರ್ಪಾಡು ಬಹಳ ಅನುಕೂಲ. ಸಂತೆಯೆಂಬ ಹೆಸರೇ ಹಿತವಾದುದು. ತರಕಾರಿಯವಳನ್ನು ಕೇಳುವಂತೆ ಚಿತ್ರಕಾರನನ್ನು ಕೇಳಬಹುದು: ಈ ನೀಲಿ ಹೇಗೆ ಬಂದಿತು, ಇದಕ್ಕೆ ಎಷ್ಟು ದಿನ ಹಿಡಿಯಿತು, ಈ ಮರವು ಯಾವ ಊರಿನದು. ಮೈಸೂರು ಶೈಲಿಯ ಚಿತ್ರಗಳ ಮುಂದೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಅಲ್ಲಿ ಚಿನ್ನದ ಹಾಳೆಯ ಕೆಳಗೆ ಉಬ್ಬಾದ ಕೆಲಸವಿರುತ್ತದೆ; ತಂಜಾವೂರಿನ ಚಿತ್ರಗಳಲ್ಲಿ ಆ ಉಬ್ಬು ಹೆಚ್ಚು, ಮೈಸೂರಿನವುಗಳಲ್ಲಿ ಕಡಮೆ. ಚಿತ್ರದ ಎದುರಿಗೆ ನಿಲ್ಲದೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಉಬ್ಬಿನ ಪ್ರಮಾಣವು ತಿಳಿಯುವುದು.

ಜನವರಿ 26ರ ಗಣರಾಜ್ಯೋತ್ಸವದ ಸುಮಾರಿನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ. ಆಗಸ್ಟ್ 15ರ ಸುಮಾರಿಗೆ ಇನ್ನೊಂದು ನಡೆಯುವುದು. ಈ ವರ್ಷದ್ದು ಮುಗಿದಿದೆ. ಹೂವುಗಳನ್ನು ಎಲ್ಲರೂ ನೋಡುವರು. ನಾನು ಹೇಳತಕ್ಕದ್ದು ಆ ಹೂವುಗಳ ಮೇಲಿರುವ ಗಾಜಿನ ಮನೆಯ ವಿಷಯವನ್ನು. ಅದರ ಅಸ್ತಿಭಾರವನ್ನು 1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರನು ಇರಿಸಿದನು. ಲಂಡನ್ನಿನ ಸ್ಫಟಿಕ ಮಂದಿರದ ಮಾದರಿಯನ್ನು ಅನುಸರಿಸಿ ಇದನ್ನು ಕಟ್ಟಿದರು. ಆ ಸ್ಫಟಿಕ ಮಂದಿರವಾದರೋ ಪ್ರಪಂಚದ ಪ್ರದರ್ಶನಗಳಿಗೆಲ್ಲ ಅಜ್ಜನೆನ್ನಬಹುದಾದ 1851ರ ಮಹಾಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ನನು ಹೈಡ್ ಪಾರ್ಕಿನಲ್ಲಿ ಕಬ್ಬಿಣ ಮತ್ತು ಗಾಜುಗಳಿಂದ ನಿರ್ಮಿಸಿದ ಕಟ್ಟಡ. ಪ್ಯಾಕ್ಸ್‌ಟನ್ನನು ಮೂಲತಃ ತೋಟಗಾರನು. ಆದುದರಿಂದ ಆ ರೂಪವು ಕೊನೆಗೆ ನಮ್ಮಲ್ಲಿ ತೋಟಕ್ಕೇ ಬಂದು ಸೇರಿದುದು ಉಚಿತವಾಗಿಯೇ ಇದೆ. ಮೂಲದ ಮಂದಿರವನ್ನು ಆಮೇಲೆ ಸಿಡೆನ್‌ಹ್ಯಾಮ್ ಎಂಬಲ್ಲಿಗೆ ಸಾಗಿಸಿದರು. 1936ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು.

ಆ ಮಹಾಪ್ರದರ್ಶನದ ಕಥೆಯನ್ನು ಇನ್ನೂ ಸ್ವಲ್ಪ ಹೇಳಬೇಕು, ನಮ್ಮ ಕಸೂತಿಗೆ ಅದರಿಂದ ಸಂಬಂಧವಿದೆ. 1851ರ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಸುಮಾರು 60 ಲಕ್ಷ ಸಲ ಜನರು ಅದರ ಬಾಗಿಲನ್ನು ಹೊಕ್ಕರು. ಯಂತ್ರಗಳಿಂದ ತಯಾರಾದ ಇಂಗ್ಲೆಂಡಿನ ಸಾಮಾನುಗಳನ್ನು ಜಗತ್ತಿಗೆ ತೋರಿಸಿ ಬೆರಗುಗೊಳಿಸಬೇಕೆಂಬುದು ಏರ್ಪಡಿಸಿದವರ ಮುಖ್ಯ ಆಶಯಗಳಲ್ಲೊಂದು. ಆದರೆ ಅಲ್ಲಿಯ ಕೆಲವು ಬಲ್ಲವರು ನೋಡಿ ತಲೆದೂಗಿದುದು ಭಾರತದ ಬಟ್ಟೆಗಳನ್ನೂ ಲೋಹದ ಪಾತ್ರೆಗಳನ್ನೂ. ಇಂಗ್ಲೆಂಡಿನ ಜಮಖಾನದ ಮೇಲೆ ದೊಡ್ಡ ದೊಡ್ಡ ಗುಲಾಬಿಗಳು ನಿಜವಾದವುಗಳೆಂಬಂತೆ ಉಬ್ಬಿಕೊಂಡಿರುತ್ತಿದ್ದವು, ಕಾಲಿಡುವವನಿಗೆ ಮುಳ್ಳು ಚುಚ್ಚೀತೆಂಬಂತೆ. ಭಾರತದ ಬಟ್ಟೆಯ ಮೇಲಿನ ಹೂವಾದರೋ ಬಟ್ಟೆಯ ಸಮತಲವನ್ನು ಬಿಟ್ಟೇಳದೆ, ಅದರ ಎಳೆಗಳ ಲೆಕ್ಕಕ್ಕೆ ಒಳಪಟ್ಟು, ಅಲಂಕಾರವು ವಸ್ತುವಿಗೆ ಅಧೀನವಾಗಿರುತ್ತಿತ್ತು. ಓವನ್ ಜೋನ್ಸನೆಂಬುವನು 1856ರಲ್ಲಿ ಅಲಂಕಾರ ಶಾಸ್ತ್ರವನ್ನು ಕುರಿತು ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಭಾರತದ ಮಾದರಿಗಳನ್ನು ಮೆಚ್ಚಿ ಸೇರಿಸಿದನು. ಪ್ರದರ್ಶನದ ಲಾಭದ ಹಣದಿಂದ ದಕ್ಷಿಣ ಕೆನ್ಸಿಂಗ್‌ಟನ್ನಿನಲ್ಲಿ ಭೂಮಿಯನ್ನು ಕೊಂಡು ವಸ್ತುಸಂಗ್ರಹಾಲಯಗಳನ್ನು ಸ್ಥಾಪಿಸಿದರು. ಅವುಗಳಲ್ಲೊಂದರಲ್ಲಿ ನಮ್ಮ ಟೀಪೂ ಸುಲ್ತಾನನ ಮರದ ಹುಲಿಯು ಈಗಲೂ ಇದೆ. ಆಗ ಭಾರತದಲ್ಲಿಯೇ ನೇಕಾರನು ಯಂತ್ರದ ಬಟ್ಟೆಯ ಪೈಪೋಟಿಯಿಂದ ಮಗ್ಗವನ್ನು ಕಳಚುತ್ತಿದ್ದನೆಂಬುದನ್ನು ಜ್ಞಾಪಕದಲ್ಲಿಟ್ಟುಕೊಂಡರೆ ಈ ಮೆಚ್ಚಿಗೆಯ ರುಚಿಯು ಕಹಿಯಾಗುವುದು.

ಇದೇ ಸಂಗತಿಯು ಒಂದು ಶತಮಾನದ ಬಳಿಕ ಇನ್ನೊಂದು ರೂಪದಲ್ಲಿ ನಡೆಯಿತು. 1958ರಲ್ಲಿ ಭಾರತ ಸರಕಾರದ ಆಹ್ವಾನದ ಮೇಲೆ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ದಂಪತಿಗಳು ಇಲ್ಲಿಗೆ ಬಂದು, ದೇಶವನ್ನು ಸುತ್ತಿ, ವಿನ್ಯಾಸದ ಶಿಕ್ಷಣವು ಹೇಗಿರಬೇಕೆಂದು ಒಂದು ವರದಿಯನ್ನು ಬರೆದರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಹುಟ್ಟಿತು. ಅವರು ಈ ದೇಶದಲ್ಲಿ ಕಂಡು ಬಹಳವಾಗಿ ಮೆಚ್ಚಿದ ವಸ್ತು ಯಾವುದೆಂದು ಬಲ್ಲಿರಾ? ಅರಮನೆಯ ಸಿಂಹಾಸನವಲ್ಲ, ನಾವು ದಿನವೂ ಬಚ್ಚಲಿನಲ್ಲಿ ಕಾಣುವ ಚೆಂಬು. ಎಷ್ಟು ನೀರು ಹಿಡಿಯಬೇಕು, ತುಂಬಿದಾಗಲೂ ಬರಿದಾದಾಗಲೂ ತೂಕವು ಹೇಗೆ ನಿಲ್ಲಬೇಕು, ಅಂಗೈಗೆ ಹೇಗೆ ಹೊಂದಬೇಕು, ತೊಳೆಯಲು ಕೈ ಒಳಗೆ ಹೋಗಬೇಕೆ, ಬೆಲೆಯೇನು, ಇಷ್ಟನ್ನೂ ಯಾವನೋ ಒಬ್ಬನು ಕುಳಿತು ಯೋಚಿಸಿದುದಲ್ಲ. ತಲೆಮಾರುಗಳ ಕೈಗಳು ಸವರಿ ಸವರಿ ಆ ರೂಪವನ್ನು ತಂದವೆಂದು ಅವರ ಅಭಿಪ್ರಾಯ. ಇದನ್ನು ಓದಿದ ದಿನ ನಾನು ನಮ್ಮ ಹಿತ್ತಾಳೆಯ ಚೆಂಬನ್ನು ತುಂಬಿಸಿಯೂ ಬರಿದುಮಾಡಿಯೂ ಎತ್ತಿ ನೋಡಿದೆನು. ಮನೆಯವರು ಏನೆಂದುಕೊಂಡರೋ ತಿಳಿಯದು.

ದೆಹಲಿಯ ಕಡೆ ಮಕ್ಕಳಿರುವ ವಾಚಕರು ಫೆಬ್ರವರಿಯ ಮೊದಲರ್ಧದಲ್ಲಿ ಹರಿಯಾಣದ ಸೂರಜ್‌ಕುಂಡದ ಮೇಳಕ್ಕೆ ಹೋಗಿ ಬರಬಹುದು. 1987ರಿಂದ ನಡೆಯುತ್ತಿರುವ ಈ ಮೇಳದಲ್ಲಿ ಎಲ್ಲ ಪ್ರಾಂತಗಳ ಕುಶಲಿಗಳೂ ಸೇರುತ್ತಾರೆ. ದೂರ ಹೋಗಲಾರದವರಿಗೆ ಬೀದರಿನ ಕುಶಲಿಗಳು ನಮ್ಮ ಪ್ರದರ್ಶನಗಳಿಗೇ ಬರುವರು. ಅವರ ಮಳಿಗೆಯಲ್ಲಿ ಕೆಲಸವನ್ನು ಮಾಡಿ ತೋರಿಸುವ ಏರ್ಪಾಡು ಇದ್ದರೆ ಆ ದಿನ ಬೇರೆ ಎಲ್ಲವನ್ನೂ ಬಿಟ್ಟು ಅಲ್ಲಿ ಕುಳಿತುಬಿಡಬೇಕು. ಬಿದರಿಯ ಪಾತ್ರೆಯ ಲೋಹದಲ್ಲಿ ಬಹುಭಾಗವು ಸತು, ಸ್ವಲ್ಪ ತಾಮ್ರ. ಸುಮಾರು ಹದಿನಾರಕ್ಕೆ ಒಂದರ ಪ್ರಮಾಣ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ನಯಮಾಡಿ, ಮೈಲುತುತ್ತದ ನೀರನ್ನು ಸವರಿ ಸದ್ಯಕ್ಕೆ ಕಪ್ಪುಮಾಡಿಕೊಳ್ಳುವರು, ಕೊರೆಯುವ ಗೆರೆಯು ಕಾಣಲೆಂದು. ಚಿಕ್ಕ ಉಳಿಯಿಂದ ಬಳ್ಳಿಯನ್ನೂ ಹೂವನ್ನೂ ಕೊರೆದು, ಆ ಕೊರೆತದೊಳಕ್ಕೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುವರು. ಇಲ್ಲಿಯವರೆಗೆ ನೋಡುವವನಿಗೆ ಅಂಥ ವಿಶೇಷವೇನೂ ಕಾಣದು. ಬೂದುಬಣ್ಣದ ಲೋಹದಲ್ಲಿ ಬೆಳ್ಳಿಯು ಮಂಕಾಗಿ ಅಡಗಿರುತ್ತದೆ. ಆಮೇಲೆ ಬೀದರಿನ ಹಳೆಯ ಕೋಟೆಯೊಳಗಿನ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕುದಿಸಿ ಪಾತ್ರೆಗೆ ತಿಕ್ಕುವರು. ನೋಡನೋಡುತ್ತಿರುವಂತೆಯೇ ಲೋಹವೆಲ್ಲ ಅಮಾವಾಸ್ಯೆಯ ಆಕಾಶದಂತೆ ಕರಿದಾಗುವುದು. ಬೆಳ್ಳಿಯು ಮಾತ್ರ ಕಪ್ಪಾಗದೆ ಹೊಳೆದು ನಿಲ್ಲುವುದು. ಕಡೆಗೆ ಎಣ್ಣೆ ಹಚ್ಚಿ ಒರಸುವರು. ಮಣ್ಣು ಸರಿಯಾದುದೋ ಅಲ್ಲವೋ ಎಂದು ಬಲ್ಲ ಕೆಲಸಗಾರರು ನಾಲಗೆಗೆ ತಾಗಿಸಿ ನೋಡುವುದುಂಟು. ಈ ಕಲೆಯಲ್ಲಿ ಹೆಸರಾಂತ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು.

ಬೆಳ್ಳಿಯ ಬಣ್ಣವನ್ನು ಬಳಿದು ಬಿದರಿಯೆಂದು ಮಾರುವುದನ್ನೂ ನಾನು ಕಂಡಿದ್ದೇನೆ. ಬೆರಳನ್ನು ಆಡಿಸಿದರೆ ಬಳಿದ ಗೆರೆಯು ಮೈಯಿಂದ ಉಬ್ಬಿ ತಾಗುವುದು. ಕೂಡಿಸಿದ ಬೆಳ್ಳಿಯು ಹಾಗೆ ತಾಗದು. ಇಂಥ ವಂಚನೆಯನ್ನು ತಡೆಯಲೆಂದೇ ಭೌಗೋಳಿಕ ಸೂಚಕಗಳ ಕಾಯಿದೆಯು 1999ರಲ್ಲಿ ಆಗಿ 2003ರಿಂದ ಜಾರಿಯಲ್ಲಿದೆ. ಕಸೂತಿ, ಬಿದರಿ, ಚನ್ನಪಟ್ಟಣದ ಆಟಿಕೆ, ಇಳಕಲ್ ಸೀರೆ, ಕಿನ್ನಾಳದ ಬೊಂಬೆ, ನವಲಗುಂದದ ಜಮಖಾನ ಎಲ್ಲವೂ ಅದರ ಪಟ್ಟಿಯಲ್ಲಿ ಸೇರಿವೆ. ಕಾಯಿದೆಯು ಹೆಸರನ್ನು ಕಾಯುವುದು. ಕೊಳ್ಳುವವನ ಕಣ್ಣು ಕುರುಡಾಗಿದ್ದರೆ ಅದು ಏನು ಮಾಡೀತು?

ಹೋದ ದಸರೆಯಲ್ಲಿ ನಾವಿಬ್ಬರೂ ಮೈಸೂರಿಗೆ ಹೋಗಿದ್ದಾಗ ಒಂದು ಮಳಿಗೆಯಲ್ಲಿ ಧಾರವಾಡದ ಸೀಮೆಯ ಹೆಂಗಸೊಬ್ಬಳು ಕುಳಿತು ಕಸೂತಿ ಹಾಕುತ್ತಿದ್ದಳು. ನನ್ನ ಮನೆಯಾಕೆಯು ತವರಿನ ಮಾತು ಕಿವಿಗೆ ಬಿದ್ದುದರಿಂದ ಅಲ್ಲಿಯೇ ನಿಂತಳು. ಒಬ್ಬರು ಬಂದು ಸೀರೆಯ ಬೆಲೆಯನ್ನು ಅರ್ಧಕ್ಕೆ ಕೇಳಿ, ಪಕ್ಕದಲ್ಲಿ ಇದೇ ಮಾದರಿಯದು ಇನ್ನೂ ಕಡಮೆಗೆ ಸಿಕ್ಕುತ್ತದೆಂದು ಹೇಳಿ ಹೊರಟುಹೋದರು. ಹೆಂಗಸು ತಲೆಯೆತ್ತಲಿಲ್ಲ. ಎಳೆಯನ್ನು ಎಣಿಸುತ್ತಿರುವಾಗ ತಲೆಯೆತ್ತಿದರೆ ಲೆಕ್ಕ ತಪ್ಪುವುದಷ್ಟೆ.

"ಎಷ್ಟು ದಿನ ಹಿಡೀತದ ತಂಗಿ, ಈ ಸೆರಗಿಗೆ?" ಎಂದು ಆಕೆ ಕೇಳಿದಳು.

"ಮನಿ ಕೆಲಸ ಮುಗಿಸಿ ಕೂತ್ರ ಎರಡ ತಿಂಗಳಾತ್ರಿ ಅಕ್ಕಾರ."

"ಮಗಳಿಗೆ ಕಲಿಸೀ ಏನು?"

"ಇಲ್ರಿ. ಕಲಿಸಿ ಏನ ಮಾಡ್ಲಿ? ಮಿಷಿನ್ನಿಂದು ಬಾಜೂ ಅಂಗಡ್ಯಾಗ ಕಾಲು ಬೆಲಿಗೆ ಮಾರ್ತಾರ. ಮಂದಿಗೆ ಎರಡೂ ಒಂದ ಕಾಣ್ತಾವ."

ಮನೆಯಾಕೆಯು ನನ್ನ ಕಡೆಗೆ ತಿರುಗಿ ನೋಡಲಿಲ್ಲ. ಆದರೂ ಆ ಮಂದಿಯಲ್ಲಿ ನಾನೂ ಒಬ್ಬನೆಂಬುದು ನನಗೆ ತಿಳಿದಿತ್ತು. ಕಪ್ಪು ಸೀರೆಗೆ ನಾನು ಕೊಟ್ಟ ಹಣವು ಯಾವ ಕೈಯಿಂದ ತಪ್ಪಿತೆಂಬುದನ್ನು ಅಂದಿನವರೆಗೆ ನಾನು ಯೋಚಿಸಿರಲಿಲ್ಲ. ಸೀರೆಯನ್ನು ಕೊಳ್ಳುವ ಶಕ್ತಿಯು ಆ ದಿನ ನಮಗಿರಲಿಲ್ಲ. ನಿವೃತ್ತಿವೇತನದವರ ಪಾಡು ವಾಚಕರಿಗೆ ತಿಳಿಯದುದಲ್ಲ. ತುಳಸಿಯ ಕಟ್ಟೆಯ ಚಿತ್ರವಿದ್ದ ಒಂದು ಚಿಕ್ಕ ಚೀಲವನ್ನು ಕೇಳಿದ ಬೆಲೆಗೇ ಕೊಂಡೆವು. ಹಾಗೆ ಕೊಂಡುದಕ್ಕೆ ಆ ಹೆಂಗಸು ಎರಡು ಎಳೆ ಬಣ್ಣದ ರೇಷ್ಮೆಯನ್ನು ಕಾಗದದಲ್ಲಿ ಸುತ್ತಿ, "ಮೊಮ್ಮಗಳಿಗೆ ಕೊಡ್ರಿ ಅಕ್ಕಾರ" ಎಂದು ಮೇಲುಕೊಟ್ಟಳು.

ಆ ರೇಷ್ಮೆಯಿಂದ ಪಾಠವು ಮೊದಲಾಯಿತು. ಮೊಮ್ಮಗಳಿಗೆ ಹನ್ನೊಂದು ವರ್ಷ. ಒರಟು ಬಟ್ಟೆಯ ತುಂಡೊಂದರ ಮೇಲೆ ಎಳೆಗಳನ್ನು ಗಟ್ಟಿಯಾಗಿ ಎಣಿಸುತ್ತ, ಬೇಸಗೆಯ ರಜೆಯಲ್ಲಿ ಗವಂತಿಯ ಒಂದು ಗೋಪುರವನ್ನು ಮುಗಿಸಿ ನನಗೆ ತಂದು ತೋರಿಸಿದಳು. ಬಹಳ ಚೆನ್ನಾಗಿದೆಯೆಂದು ನಾನು ಹೊಗಳಿದೆನು. ಅವಳ ಅಜ್ಜಿಯು ಕನ್ನಡಕವನ್ನು ಹಾಕಿಕೊಂಡು ಬಂದು, ಬಟ್ಟೆಯನ್ನು ಕೈಗೆ ತೆಗೆದುಕೊಂಡು ಮಗುಚಿ ನೋಡಿ, ಕಳಶದ ಬಳಿ ಸಿಕ್ಕಿಕೊಂಡಿದ್ದ ಒಂದು ಚಿಕ್ಕ ಗಂಟನ್ನು ಉಗುರಿನಿಂದ ತೋರಿಸಿದಳು. ಹುಡುಗಿಯು ನನ್ನ ಮುಖವನ್ನೊಮ್ಮೆ ನೋಡಿ, ಅಲ್ಲಿಯೇ ಕುಳಿತು ಬಿಚ್ಚತೊಡಗಿದಳು. ನವರಾತ್ರಿಗೆ ಅದನ್ನು ಬೊಂಬೆಗಳ ಕೆಳಗೆ ಹಾಸಬೇಕೆಂದು ಈಗ ಎರಡನೆಯ ಸಲ ಹಾಕುತ್ತಿದ್ದಾಳೆ, ಅರ್ಧ ಗೋಪುರವಾಗಿದೆ.